ಕೊನೆಯ ತಿಂಗಳ ವಾಸ್ತವ್ಯ



ಪ್ರತಿವರ್ಷ ಬೇಸಿಗೆಯಲ್ಲಿ ಇಬ್ಬರೋ ಮೂವರೋ ತರುಣ ತರುಣಿಯರು ಹೆಗಲಿಗೊಂದು ಚೀಲ ಹಾಕಿಕೊಂಡು, ವಿಶ್ವವಿದ್ಯಾನಿಲಯದ ಪತ್ರವೊಂದನ್ನು ಹಿಡಿದು ಮಠದ ಬಾಗಿಲಿಗೆ ಬರುವುದನ್ನು ತಾವು ಕಂಡಿದ್ದೀರಿ. ಗದ್ದುಗೆಯ ದರ್ಶನಕ್ಕೆ ಬಂದಿದ್ದ ಹೊಳಲ್ಕೆರೆ ಕಡೆಯ ಹಿರಿಯರೊಬ್ಬರು, "ಬುದ್ಧೀ, ಈ ಹುಡುಗರು ಸ್ವಾಮಿಗಳಾಗೋಕೆ ಬಂದವರಾ?" ಎಂದು ಕೇಳಿದರು. ಅಲ್ಲ, ಕಷ್ಟದಲ್ಲಿರುವವರ ನಡುವೆ ಕೆಲಸ ಮಾಡುವುದನ್ನು ಕಲಿಯಲು ಬಂದವರು ಎಂದೆವು. "ಅದಕ್ಕೂ ಕಾಲೇಜು ಬೇಕಾ ಬುದ್ಧೀ?" ಎಂದರು ಆ ಹಿರಿಯರು. ಅಂದು ನಾವು ನಕ್ಕು ಸುಮ್ಮನಾದೆವು. ಆದರೆ ಆ ಪ್ರಶ್ನೆಗೆ ಉತ್ತರ ಹೇಳಬೇಕಾದುದು ನಮ್ಮ ಮೇಲಿರುವ ಋಣ. ಅದನ್ನು ಈ ಪುಟಗಳಲ್ಲಿ ತೀರಿಸಲೆತ್ನಿಸುತ್ತೇವೆ.

ಸಮಾಜಕಾರ್ಯವೆಂಬುದು ಇಂದು ಒಂದು ಶಾಸ್ತ್ರವಾಗಿ, ವೃತ್ತಿಯಾಗಿ ಬೆಳೆದಿದೆ. ನಮ್ಮ ದೇಶದಲ್ಲಿ ಇದರ ಮೊದಲ ಶಾಲೆ 1936ರಲ್ಲಿ ಮುಂಬಯಿಯಲ್ಲಿ ಟಾಟಾ ದತ್ತಿಯ ನೆರವಿನಿಂದ ಆರಂಭವಾಯಿತು. ಅದರ ಮೊದಲ ನಿರ್ದೇಶಕರಾದ ಕ್ಲಿಫರ್ಡ್ ಮ್ಯಾನ್ಷರ್ಡ್ಟರು ಅಮೆರಿಕದಿಂದ ಬಂದ ಧರ್ಮೋಪದೇಶಕರು. ಮುಂಬಯಿಯ ನಾಗಪಾಡದ ಬಡವರ ಕೇರಿಯಲ್ಲಿ ಸೇವಾಕೇಂದ್ರ ನಡೆಸಿದ ಅನುಭವವೇ ಅವರನ್ನು ಶಾಲೆಯ ಕಡೆಗೆ ಕೊಂಡೊಯ್ದಿತು. ನಮ್ಮ ನಾಡಿನಲ್ಲಿ ಮಂಗಳೂರಿನ ರೋಶನಿ ನಿಲಯ 1960ರಲ್ಲಿ ಈ ಶಿಕ್ಷಣವನ್ನು ಆರಂಭಿಸಿತು. ಇಂದು ಸ್ನಾತಕೋತ್ತರ ವಿದ್ಯಾರ್ಥಿಗಳು ಎರಡು ವರ್ಷಗಳ ಕಾಲ ವಾರದಲ್ಲಿ ಸಾಮಾನ್ಯವಾಗಿ ಎರಡು ದಿನ ಆಸ್ಪತ್ರೆ, ಶಾಲೆ, ಹಳ್ಳಿಗಳಲ್ಲಿ ಕ್ಷೇತ್ರಕಾರ್ಯ ಮಾಡುತ್ತಾರೆ. ಕೊನೆಯಲ್ಲಿ ಸುಮಾರು ಒಂದು ತಿಂಗಳು ತರಗತಿಯ ಹಂಗಿಲ್ಲದೆ ಒಂದೇ ಸಂಸ್ಥೆಯಲ್ಲಿದ್ದು ಪೂರ್ಣಕಾಲದ ಕೆಲಸಗಾರರಂತೆ ದುಡಿಯಬೇಕು. ಇದಕ್ಕೆ ಅವರು ಬ್ಲಾಕ್ ಪ್ಲೇಸ್‌ಮೆಂಟ್ ಎನ್ನುತ್ತಾರೆ. ವಾಸ್ತವ್ಯವೆಂಬ ಮಾತೇ ನಮಗೆ ಹಿತವೆನಿಸುತ್ತದೆ.

ಈ ಪದ್ಧತಿ ನಮಗೆ ಹೊಸದಾಗಿ ತೋರಲಿಲ್ಲ. ನಾವು ವಟುವಾಗಿದ್ದಾಗ ಹಿರಿಯ ಗುರುಗಳು ಜೋಳಿಗೆ ಕೊಟ್ಟು ಭಿಕ್ಷೆಗೆ ಕಳಿಸುತ್ತಿದ್ದರು. ಮರಳಿ ಬಂದಾಗ ಅವರು ಜೋಳಿಗೆಯನ್ನು ನೋಡುತ್ತಿರಲಿಲ್ಲ. "ಯಾವ ಮನೆಯಲ್ಲಿ ಒಲೆ ಹೊತ್ತಿರಲಿಲ್ಲ?" ಎಂದು ಕೇಳುತ್ತಿದ್ದರು. ಮೊದಲ ಸಲ ನಮಗೆ ಉತ್ತರ ತಿಳಿದಿರಲಿಲ್ಲ; ನಾವು ಕಾಳನ್ನಷ್ಟೇ ನೋಡಿಕೊಂಡು ಬಂದಿದ್ದೆವು. ಮುಂದೆ ಧಾರವಾಡದಲ್ಲಿ ಎಂ.ಎ. ವ್ಯಾಸಂಗ ಮಾಡುವಾಗ ಎಷ್ಟೋ ಗ್ರಂಥಗಳನ್ನು ಓದಿದೆವು. ಆ ಒಂದು ಪ್ರಶ್ನೆಯಷ್ಟು ನಮ್ಮನ್ನು ಕಾಡಿದ ಪಾಠ ಬೇರೊಂದಿಲ್ಲ.

ಇಷ್ಟೆಲ್ಲ ತಿಳಿದವರೇ ತಪ್ಪು ಮಾಡಿದೆವು. ಮೊದಲ ತಂಡ ಬಂದ ವರ್ಷ ಜಾತ್ರೆಯೂ ಅದೇ ತಿಂಗಳಿಗೆ ಒದಗಿತು. ಓದಿದ ಮಕ್ಕಳು, ಚುರುಕಿನವರು. ಒಬ್ಬನನ್ನು ರಸೀದಿ ಬರೆಯಲು ಕೂರಿಸಿದೆವು, ಇನ್ನೊಬ್ಬಳಿಗೆ ಆಮಂತ್ರಣ ಪತ್ರಿಕೆಗಳ ವಿಳಾಸದ ಕೆಲಸ, ಮೂರನೆಯವನು ದಾಸೋಹದ ಪಂಕ್ತಿಯಲ್ಲಿ. ಅವರು ಚಕಾರವೆತ್ತದೆ ದುಡಿದರು. ತಿಂಗಳು ಮುಗಿದಾಗ ಮೂವರಿಗೂ ಶಾಲು ಹೊದಿಸಿ, ಒಳ್ಳೆಯ ಪ್ರಮಾಣಪತ್ರವನ್ನೂ ಬರೆದುಕೊಟ್ಟೆವು. ಹೊರಡುವಾಗ ಆ ಹುಡುಗಿ ಅಂಜುತ್ತಲೇ, "ಬುದ್ಧೀ, ಇಲ್ಲಿ ನಮಗೆ ಯಾವುದಕ್ಕೂ ಕೊರತೆಯಾಗಲಿಲ್ಲ. ಆದರೆ ಒಬ್ಬರ ಕಷ್ಟವನ್ನಾದರೂ ಮೊದಲಿಂದ ಕೊನೆವರೆಗೆ ನೋಡೋದಕ್ಕೆ ಆಗಲಿಲ್ಲ" ಎಂದಳು. ಒಲೆ ಹೊತ್ತದ ಮನೆಯನ್ನು ತೋರಿಸಬೇಕಾದ ನಾವು ಅವರ ಕೈಗೆ ಬರಿಯ ಜೋಳಿಗೆಯನ್ನಷ್ಟೇ ಕೊಟ್ಟಿದ್ದೆವು. ಆ ರಾತ್ರಿ ನಮಗೆ ಸರಿಯಾಗಿ ನಿದ್ರೆ ಬರಲಿಲ್ಲ.

ಮರುವರ್ಷದಿಂದ ಕ್ರಮ ಬದಲಾಯಿತು. ಮಕ್ಕಳು ಬರುವ ಮೊದಲೇ ಅವರ ಅಧ್ಯಾಪಕರೊಡನೆ ಕುಳಿತು ಯಾವ ಹಳ್ಳಿ, ಯಾವ ಕೆಲಸ, ಯಾರ ಮೇಲ್ವಿಚಾರಣೆ ಎಂಬುದನ್ನು ಬರೆದಿಡುತ್ತೇವೆ. ಪ್ರತಿದಿನದ ವರದಿಯಲ್ಲಿ ಕಂಡದ್ದು ಒಂದು ಕಡೆ, ತಮಗೆ ಅನಿಸಿದ್ದು ಇನ್ನೊಂದು ಕಡೆ ಇರಬೇಕು. ಸಂಜೆಯ ಪೂಜೆಯ ಅನಂತರ ಅದನ್ನು ಓದಿಸಿ ಕೇಳುತ್ತೇವೆ. ಇದು ಸುಲಭವೆಂದು ತಾವು ಭಾವಿಸಬಹುದು. ಕಂಡದ್ದನ್ನೂ ಅನಿಸಿದ್ದನ್ನೂ ಬೇರ್ಪಡಿಸುವುದು ನಮ್ಮಂಥ ಪೀಠಸ್ಥರಿಗೂ ಕಷ್ಟವೆಂಬುದು ಆ ಸಂಜೆಗಳಲ್ಲಿಯೇ ನಮಗೆ ತಿಳಿದದ್ದು.

2023ರ ಬೇಸಿಗೆಯ ಒಂದು ಪ್ರಸಂಗವನ್ನು ಹೇಳಬೇಕು. ಹಿರಿಯೂರು ತಾಲ್ಲೂಕಿನ ಹಳ್ಳಿಯೊಂದರಲ್ಲಿ ವೃದ್ಧೆಯೊಬ್ಬರಿಗೆ ಸಂಧ್ಯಾ ಸುರಕ್ಷಾ ಯೋಜನೆಯ ಮಾಸಾಶನ ಏಳು ತಿಂಗಳಿಂದ ಬಂದಿರಲಿಲ್ಲ. ತಿಂಗಳಿಗೆ 1,200 ರೂಪಾಯಿಯಂತೆ 8,400 ರೂಪಾಯಿ. ನಮ್ಮ ವಿದ್ಯಾರ್ಥಿ ಮೊದಲ ದಿನದ ವರದಿಯಲ್ಲಿಯೇ ಕಚೇರಿಯವರು ಹಣ ನುಂಗಿದ್ದಾರೆಂದು ಬರೆದು ತಂದ. "ನೀನು ಕಂಡೆಯಾ ತಮ್ಮಾ?" ಎಂದೆವು. ಅವನು ತಲೆ ತಗ್ಗಿಸಿದ. ಮರುದಿನದಿಂದ ಅಂಚೆಕಚೇರಿ, ನಾಡಕಚೇರಿ, ಬ್ಯಾಂಕುಗಳನ್ನು ಸುತ್ತಿದ. ಹಣ ನಿಂತಿರಲೇ ಇಲ್ಲ! ಆ ತಾಯಿ ಹಿಂದೆ ಸ್ತ್ರೀಶಕ್ತಿ ಸಂಘದ ಸಾಲಕ್ಕೆಂದು ಬೇರೊಂದು ಬ್ಯಾಂಕಿನಲ್ಲಿ ಖಾತೆ ತೆರೆದಿದ್ದರು. ಆಧಾರ್ ಸಂಖ್ಯೆ ಆ ಖಾತೆಗೆ ಜೋಡಣೆಯಾದಂದಿನಿಂದ ಹಣವೂ ಅಲ್ಲಿಗೇ ಹರಿದಿತ್ತು. ಅದರ ಕಾರ್ಡು ಮಗನ ಬಳಿ ಇತ್ತು. ಮಗ ತಿಂಗಳು ತಿಂಗಳು ತೆಗೆಯುತ್ತಿದ್ದ.

ಕಚೇರಿಯ ಮೇಲಿದ್ದ ಸಿಟ್ಟು ಈಗ ಮಗನ ಮೇಲೆ ಹೊರಳಿತು. ತಂದೆತಾಯಿಗಳ ಪೋಷಣೆಗಾಗಿ 2007ರ ಕಾಯಿದೆಯಿದೆ. ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಹಾಕಿಸುವೆನೆಂದು ಹೊರಟ. ಆ ತಾಯಿ, "ಬ್ಯಾಡ ಕಣಪ್ಪ, ನಾಳೆ ನೀನು ಹೋಗ್ತೀಯ, ನಾನು ಇವನ ಮನ್ಯಾಗೇ ಇರ್ಬೇಕು" ಎಂದರಂತೆ. ಅಂದು ಸಂಜೆ ಆ ಹುಡುಗ ವರದಿಯನ್ನು ಓದಲಿಲ್ಲ. ಬಹಳ ಹೊತ್ತು ಕುಳಿತಿದ್ದು, "ಈಗ ನಾನು ಏನು ಮಾಡಬೇಕು ಬುದ್ಧೀ?" ಎಂದ. ನಮ್ಮಲ್ಲಿ ಸಿದ್ಧ ಉತ್ತರವಿರಲಿಲ್ಲ. ಅವನ ಅಧ್ಯಾಪಕರನ್ನು ದೂರವಾಣಿಯಲ್ಲಿ ಕೇಳಿದೆವು. ಅವರೆಂದದ್ದು ಇಷ್ಟೇ: ಬದುಕು ಆ ತಾಯಿಯದು, ನಿರ್ಣಯವೂ ಆಕೆಯದು, ಮಗನ ಮಾತನ್ನೂ ಕೇಳಿದ್ದೀರಾ?

ಕೇಳಿರಲಿಲ್ಲ. ವಾಣಿವಿಲಾಸ ಸಾಗರ 1933ರ ಅನಂತರ, 89 ವರ್ಷ ಕಳೆದು, 2022ರ ಸೆಪ್ಟೆಂಬರಿನಲ್ಲಿ ಕೋಡಿ ಬಿದ್ದಾಗ ತಾವೆಲ್ಲ ಹೋಗಿ ಬಾಗಿನ ಬಿಟ್ಟು ಬಂದಿರಿ. ಆ ಮಗನ ತೆಂಗಿನ ತೋಟ ಅದಕ್ಕೂ ಮೊದಲಿನ ಬರಗಾಲದಲ್ಲಿಯೇ ಒಣಗಿ ಹೋಗಿತ್ತು. ಕೊರೆಸಿದ ಕೊಳವೆಬಾವಿಗಳಲ್ಲಿ ನೀರು ಬಂದಿರಲಿಲ್ಲ. ಅದಕ್ಕೆ ಮಾಡಿದ ಸಾಲ ಮಾತ್ರ ಉಳಿದಿತ್ತು. ತುಂಬಿದ ಜಲಾಶಯವನ್ನಷ್ಟೇ ನೋಡಿ ಬಂದ ಹುಡುಗನಿಗೆ ಇದು ಕಾಣುವಂತಿರಲಿಲ್ಲ. ಮಗ ಮಾಡಿದ್ದು ಸರಿಯೆಂದು ನಾವು ಹೇಳುವುದಿಲ್ಲ. ತಾಯಿಗೆ ತಿಳಿಯದಂತೆ ಆಕೆಯ ಹಣ ತೆಗೆದದ್ದು ತಪ್ಪೇ. ಆದರೆ ಅವನನ್ನು ಕಳ್ಳನೆಂದು ಕರೆಯದೆ ಎದುರಿಗೆ ಕುಳಿತು ಮಾತನಾಡಿದ್ದರಿಂದ ಕಾರ್ಡು ತಾಯಿಯ ಕೈಗೆ ಬಂದಿತು. ಹಿಂದಿನ ಏಳು ತಿಂಗಳ ಹಣ ಬರಲಿಲ್ಲ. ಮುಂದಿನದನ್ನು ಆಕೆಯೇ ಬ್ಯಾಂಕಿಗೆ ಹೋಗಿ ಹೆಬ್ಬೆಟ್ಟು ಒತ್ತಿ ತೆಗೆಯುವಂತಾಯಿತು. ಅಷ್ಟರಲ್ಲಿ ಇಪ್ಪತ್ತಾರು ದಿನ ಕಳೆದಿದ್ದವು.

ಹೊಸದುರ್ಗ ಕಡೆಯ ಗೊಲ್ಲರಹಟ್ಟಿಗೆ ಹೋದ ವಿದ್ಯಾರ್ಥಿನಿಯ ಅನುಭವ ಇನ್ನೂ ಕಠಿಣ. ಮುಟ್ಟಾದ ಹೆಣ್ಣುಮಕ್ಕಳನ್ನೂ ಬಾಣಂತಿಯರನ್ನೂ ಹಟ್ಟಿಯ ಹೊರಗಿರಿಸುವ ಪದ್ಧತಿ ನಮ್ಮ ಸೀಮೆಯಲ್ಲಿ ಇನ್ನೂ ಪೂರ್ಣವಾಗಿ ಅಳಿದಿಲ್ಲ. 2023ರ ಜುಲೈ ತಿಂಗಳಲ್ಲಿ ತುಮಕೂರಿನ ಬಳಿಯ ಹಟ್ಟಿಯೊಂದರಲ್ಲಿ ಮಳೆಗಾಳಿಗೆ ಸಿಕ್ಕ ಹಸುಗೂಸು ತೀರಿಕೊಂಡ ಸುದ್ದಿಯನ್ನು ತಾವು ಓದಿರಬಹುದು. ಇಂಥ ಬಲವಂತವನ್ನು ನಿಷೇಧಿಸುವ ರಾಜ್ಯದ 2017ರ ಅಧಿನಿಯಮವನ್ನು ಈಕೆ ಮೊದಲ ದಿನವೇ ಹೆಂಗಸರಿಗೆ ಓದಿ ಹೇಳಿದಳು. ಅವರು ಕೇಳಿ ಎದ್ದುಹೋದರು. ಮೂರು ದಿನ ಯಾರೂ ಮಾತನಾಡಿಸಲಿಲ್ಲ. ನಾವೂ ಹಿಂದೆ ಅಂಥ ಹಟ್ಟಿಗಳಿಗೆ ಹೋಗಿ ಪ್ರವಚನ ಮಾಡಿದವರೇ. ಪಾದಪೂಜೆ ಮಾಡಿ, ಹಾಲು ಕೊಟ್ಟು, ಎಲ್ಲವನ್ನೂ ಕೇಳಿದರು. ಗುಡಿಸಲು ಅಲ್ಲಿಯೇ ಉಳಿಯಿತು. ಆಕೆ ಆಶಾ ಕಾರ್ಯಕರ್ತೆಯ ಜೊತೆ ಬರಿಗೈಯಲ್ಲಿ ಹೋಗಿ ಕೂರತೊಡಗಿದ ಮೇಲೆ ಬಾಣಂತಿಯೊಬ್ಬಳು ಮಗುವನ್ನು ತೂಕಕ್ಕೆ ಕೊಟ್ಟಳು. ನಾಲ್ಕು ವಾರಗಳಲ್ಲಿ ಆದದ್ದು ಅಷ್ಟೇ. "ನಾನು ಏನೂ ಮಾಡಲಿಲ್ಲ" ಎಂದು ಅಳುತ್ತಲೇ ಹೊರಟಳು. ಆ ಅಳುವಿಗೆ ನಾವು ಸಮಾಧಾನ ಹೇಳಲಿಲ್ಲ. ಕಾಯಿದೆ ಬೇಕು, ಅದು ಜಾರಿಯಾಗಲೂ ಬೇಕು. ಆದರೆ ಮೂವತ್ತು ದಿನಕ್ಕೆ ಬಂದವರು ಎಷ್ಟನ್ನು ಎತ್ತಬಲ್ಲರೆಂಬ ಅಳತೆ ವೃತ್ತಿಗಿಳಿಯುವ ಮೊದಲೇ ತಿಳಿಯುವುದು ಮೇಲು.

ಕೊನೆಯ ವಾರವನ್ನು ನಾವೀಗ ಬಿಟ್ಟುಹೋಗುವುದಕ್ಕೆಂದೇ ಮೀಸಲಿಟ್ಟಿದ್ದೇವೆ. ಹಿಡಿದ ಕೆಲಸದಲ್ಲಿ ಯಾವುದು ಮುಗಿಯಿತು, ಯಾವುದು ಉಳಿಯಿತು, ಉಳಿದುದನ್ನು ಯಾರು ನೋಡಿಕೊಳ್ಳುವರು ಎಂಬುದನ್ನು ಆ ಮನೆಯವರ ಎದುರಿನಲ್ಲಿಯೇ ಹೇಳಬೇಕು. ಮತ್ತೆ ಬರುತ್ತೇನೆಂಬ ಸುಳ್ಳು ಭರವಸೆ ಕೊಡಬಾರದು. ಹಿರಿಯೂರಿನ ಆ ವೃದ್ಧೆಯ ವಿಷಯವನ್ನು ಅದೇ ಊರಿನ ಶಾಲೆಯಲ್ಲಿ ಶಿಕ್ಷಕರಾಗಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ವಹಿಸಿಕೊಂಡರು. ತಿಂಗಳಿಗೊಮ್ಮೆ ಪಾಸ್‌ಬುಕ್ಕು ನೋಡಿ ನಮಗೊಂದು ಸಾಲು ಬರೆಯುತ್ತಾರೆ.

ಹಳೆಯ ವಿದ್ಯಾರ್ಥಿಗಳಾದ ತಮ್ಮಲ್ಲಿ ಅನೇಕರು ಚಿತ್ರದುರ್ಗದ ಆಸ್ಪತ್ರೆಗಳಲ್ಲಿ, ತಾಲ್ಲೂಕು ಕಚೇರಿಗಳಲ್ಲಿ, ಶಾಲೆಗಳಲ್ಲಿ ಇದ್ದೀರಿ. ಇಂಥ ಮಕ್ಕಳು ತಮ್ಮಲ್ಲಿಗೂ ಬರುತ್ತಾರೆ. ಜೆರಾಕ್ಸ್ ಮಾಡಿಸುವುದಕ್ಕೆ, ಚಹ ತರಿಸುವುದಕ್ಕೆ ಅವರನ್ನು ಬಳಸಬೇಡಿ ಎಂದು ಹೇಳುವ ಅರ್ಹತೆ, ರಸೀದಿ ಬರೆಸಿದ ನಮಗೆ ಪೂರ್ಣವಾಗಿ ಇಲ್ಲ, ಆದರೂ ಹೇಳುತ್ತಿದ್ದೇವೆ. ವಾರಕ್ಕೊಂದು ಗಂಟೆ ಅವರೊಡನೆ ಕುಳಿತುಕೊಳ್ಳಿ. ಇನ್ನೊಂದು ಮಾತು: ಈ ತಿಂಗಳಿಗೆ ಅವರಲ್ಲಿ ಹೆಚ್ಚಿನವರಿಗೆ ಸಂಬಳವೂ ಇಲ್ಲ, ಭತ್ಯೆಯೂ ಇಲ್ಲ. ಕೂಲಿ ಮನೆತನದ ಹುಡುಗನೊಬ್ಬ ಬಸ್ಸಿನ ಹಣ ಉಳಿಸಲೆಂದು ನಡೆದೇ ಹಳ್ಳಿಗೆ ಹೋಗುತ್ತಿದ್ದುದು ನಮಗೆ ತಡವಾಗಿ ತಿಳಿಯಿತು. ಅಂದಿನಿಂದ ಪ್ರಯಾಣದ ವೆಚ್ಚ ಮಠದ್ದು.

ಈ ವರ್ಷದ ಪತ್ರ ಬಂದಿದೆ. ಇಬ್ಬರು ಬರುವವರಿದ್ದಾರೆ. ಗೋಶಾಲೆಯ ಪಕ್ಕದ ಕೋಣೆಗೆ ಸುಣ್ಣ ಬಳಿಸಿದ್ದೇವೆ. ಜಾತ್ರೆಯ ರಸೀದಿ ಬರೆಯುವುದಕ್ಕೆ ಭಕ್ತರಲ್ಲಿಯೇ ಯಾರಾದರೂ ಹೆಸರು ಕೊಡಬೇಕಾಗಿ ಕೋರುತ್ತೇವೆ.