ಮಾವನ ಫೋಲ್ಡರು ಮತ್ತು ವಿಂಡೋಸ್ ಎಂಬ ವಾಚ್‌ಮನ್

ಮುಂಬಯಿಯ ಮನೆಗಳಿಗೆ ಕಂಪ್ಯೂಟರ್ ಬಂದ ಕಾಲ ನಿಮಗೆ ನೆನಪಿರಬಹುದು. ಲ್ಯಾಮಿಂಗ್ಟನ್ ರೋಡಿಗೆ ಹೋಗಿ, ಒಂದು ಅಂಗಡಿಯಲ್ಲಿ ಮದರ್‌ಬೋರ್ಡು, ಇನ್ನೊಂದರಲ್ಲಿ ಮಾನಿಟರು ಅಂತ ಚೌಕಾಸಿ ಮಾಡಿ, ಗ್ರಾಂಟ್ ರೋಡಿನಿಂದ ಲೋಕಲ್ ಹತ್ತಿ ಡಬ್ಬ ಹೊತ್ತು ತಂದವರು ನಮ್ಮಲ್ಲಿ ಎಷ್ಟೋ ಮಂದಿ. ಮಲಾಡಿನಲ್ಲಿರುವ ನನ್ನ ಸೋದರಮಾವ ಹಾಗೆ ತಂದದ್ದು 2006ರಲ್ಲಿ. ಆಗಷ್ಟೇ ನಿವೃತ್ತರಾಗಿದ್ದರು. ನುಡಿ ತಂತ್ರಾಂಶ ಹಾಕಿಸಿಕೊಂಡು, ಎರಡು ಬೆರಳಲ್ಲಿ ಕುಟ್ಟಿ ಕುಟ್ಟಿ, ತಮ್ಮ ಮುಂಬಯಿ ನೆನಪುಗಳನ್ನು ಬರೆದರು. ಕೊಂಕಣ ರೈಲಿಲ್ಲದ ಕಾಲದಲ್ಲಿ ಬಸ್ಸಲ್ಲಿ ಊರು ಬಿಟ್ಟದ್ದು, ಹಗಲು ಕ್ಯಾಂಟೀನು, ಸಂಜೆ ಕನ್ನಡ ರಾತ್ರಿಶಾಲೆ, ಒಂದೇ ಕೋಣೆಯಲ್ಲಿ ಸಾಲಾಗಿ ಮಲಗುತ್ತಿದ್ದ ಊರ ಹುಡುಗರ ಹೆಸರುಗಳು, ಯಾರು ಯಾರ ಫೀಸು ಕಟ್ಟಿದರು, ಎಲ್ಲ.

ಆಮೇಲೆ ಕಣ್ಣು ಮಂಜಾಯಿತು, ಕಂಪ್ಯೂಟರ್ ಅಟ್ಟ ಸೇರಿತು. ಈ ವರ್ಷ ಮೊಮ್ಮಗಳು ಆ ಬರಹ ಬೇಕೆಂದಳು. ಮಾವನಿಗೆ ಈಗ ಹೆಸರುಗಳು ನೆನಪಾಗುವುದಿಲ್ಲ. ಆ ಕೋಣೆಯವರಲ್ಲಿ ಉಳಿದವರು ಇಬ್ಬರೋ ಮೂವರೋ. ಅಂದರೆ ಆ ಫೋಲ್ಡರು ಬಿಟ್ಟರೆ ಬೇರೆ ದಾಖಲೆಯೇ ಇಲ್ಲ.

ಹಳೇ ಪೆಟ್ಟಿಗೆ ಆನ್ ಆಗಲಿಲ್ಲ. ಡಿಸ್ಕು ಬಿಚ್ಚಿ, ಯುಎಸ್‌ಬಿ ಅಡಾಪ್ಟರಿನಲ್ಲಿ ನನ್ನ ಲ್ಯಾಪ್‌ಟಾಪಿಗೆ ಜೋಡಿಸಿದೆವು. (ಹಳೇ ಡೆಸ್ಕ್‌ಟಾಪಿನ 3.5 ಇಂಚಿನ ಡಿಸ್ಕಿಗೆ ಬೇರೆ ಕರೆಂಟು ಬೇಕು, ಬರೀ ಯುಎಸ್‌ಬಿ ತಂತಿ ಸಾಲದು.) ಡಿಸ್ಕು ಕಂಡಿತು, ಮಾವನ ಹೆಸರಿನ ಫೋಲ್ಡರೂ ಕಂಡಿತು. ಕ್ಲಿಕ್ ಮಾಡಿದರೆ 'ಈ ಫೋಲ್ಡರ್ ತೆರೆಯಲು ನಿಮಗೆ ಅನುಮತಿ ಇಲ್ಲ' ಎಂಬ ಸಂದೇಶ. 'ಕಂಟಿನ್ಯೂ' ಒತ್ತಿದರೂ ಒಳಗೆ ಬಿಡಲಿಲ್ಲ.

"ಅದು ನಂದೇ ಅಲ್ವೋ ಮಾರಾಯ, ನಾನು ಇಲ್ಲೇ ಕೂತಿದ್ದೇನಲ್ಲ!" ಅಂದರು ಮಾವ.

ನನ್ನ ಲ್ಯಾಪ್‌ಟಾಪಿನಲ್ಲಿ ಅವರದ್ದೇ ಹೆಸರಿನ ಖಾತೆ ತೆರೆದೆ, ಹಳೇ ಪಾಸ್‌ವರ್ಡೇ ಕೊಟ್ಟೆ. ಊಹುಂ. ವಿಂಡೋಸ್ ಎಂಬ ವಾಚ್‌ಮನ್ ಹೆಸರು ನೋಡುವುದಿಲ್ಲ, ನಂಬರು ನೋಡುತ್ತಾನೆ. ಖಾತೆ ತೆರೆದಾಗ ಅದಕ್ಕೊಂದು ಉದ್ದನೆಯ ಗುರುತಿನ ಸಂಖ್ಯೆ ಸಿಗುತ್ತದೆ, ಎಸ್‌ಐಡಿ ಅಂತ. ಯಾವ ಫೋಲ್ಡರಿಗೆ ಯಾರು ಬರಬಹುದು ಎಂಬ ಪಟ್ಟಿ ಡಿಸ್ಕಿನಲ್ಲೇ ಇರುತ್ತದೆ, ಆದರೆ ಆ ಪಟ್ಟಿಯಲ್ಲಿ ಬರೆದಿರುವುದು ಈ ಸಂಖ್ಯೆಗಳನ್ನು. ಯಾವ ಸಂಖ್ಯೆ ಯಾರದು ಅನ್ನುವುದು ಹಳೇ ವಿಂಡೋಸಿಗೆ ಮಾತ್ರ ಗೊತ್ತು. ಹೊಸ ಯಂತ್ರದಲ್ಲಿ ಅದೇ ಹೆಸರಿಟ್ಟರೆ ಹೊಸ ಸಂಖ್ಯೆ ಹುಟ್ಟುತ್ತದೆ. ಫೋಲ್ಡರಿನ ಪ್ರಾಪರ್ಟೀಸ್‌ನಲ್ಲಿ ನೋಡಿದರೆ 'ಅಪರಿಚಿತ ಖಾತೆ' ಅಂತ ಬರೆದು ಪಕ್ಕದಲ್ಲಿ ಎಸ್-1-5-21 ಎಂದು ಶುರುವಾಗುವ ಬಾಲ. ಆ ಬಾಲವೇ ನಮ್ಮ ಮಾವ.

ಇದರ ಮೂಲ ವಿಂಡೋಸ್ ಎಕ್ಸ್‌ಪಿಯದು. ಖಾತೆಗೆ ಪಾಸ್‌ವರ್ಡ್ ಇಡುವಾಗ ಅದು 'ನಿಮ್ಮ ಫೈಲುಗಳನ್ನು ಖಾಸಗಿ ಮಾಡಲೇ?' ಅಂತ ಕೇಳುತ್ತಿತ್ತು. ಮನೆಯಲ್ಲಿ ಗೇಮ್ ಆಡುವ ಮಕ್ಕಳಿದ್ದರೆ ಹೌದು ಅನ್ನದವರು ಯಾರು?

ಮೊದಲು ಒಬ್ಬ ಅಂಗಡಿಯವನಿಗೆ ತೋರಿಸಿದ್ದೆವು. 'ಡೇಟಾ ರಿಕವರಿ ಮಾಡ್ಬೇಕು' ಅಂತ ಸಾವಿರಗಟ್ಟಲೆ ಕೇಳಿದ. ಅಲ್ಲ ಸ್ವಾಮೀ, ಡೇಟಾ ಎಲ್ಲಿಗೆ ಹೋಗಿದೆ ರಿಕವರಿ ಮಾಡಲಿಕ್ಕೆ? ಈ ಸಂದೇಶ ಬಂತೆಂದರೆ ಫೈಲು ಹಾಳಾಗಿದೆ ಅಂತಲ್ಲ, ಬಾಗಿಲಲ್ಲಿ ತಡೆದಿದ್ದಾರೆ ಅಂತ ಅಷ್ಟೇ. ಡಿಸ್ಕಿನಿಂದ ಟಕ್ ಟಕ್ ಸದ್ದು ಬಂದರೆ ಮಾತ್ರ ಬೇರೆ ವಿಚಾರ, ತಕ್ಷಣ ಆಫ್ ಮಾಡಿ. ಇನ್ನೊಂದು, ಎಕ್ಸ್‌ಪಿ ಪ್ರೊಫೆಷನಲ್‌ನಲ್ಲಿ ಫೈಲುಗಳನ್ನು ಎನ್‌ಕ್ರಿಪ್ಟ್ ಮಾಡುವ ಸೌಲಭ್ಯ ಇತ್ತು. ಹೆಸರು ಹಸಿರು ಬಣ್ಣದಲ್ಲಿ ಕಾಣುತ್ತಿತ್ತು. ಅದು ನಿಜವಾದ ಬೀಗ. ಅದರ ಕೀ ಇಲ್ಲದಿದ್ದರೆ ಅನುಮತಿ ಬದಲಿಸಿ ಏನೂ ಪ್ರಯೋಜನವಿಲ್ಲ. ಮಾವನದು ಹೋಮ್ ಆವೃತ್ತಿ, ಅದರಲ್ಲಿ ಈ ಸೌಲಭ್ಯವೇ ಇರಲಿಲ್ಲ. ಬಚಾವ್!

ಪರಿಹಾರ ಎರಡು ಹಂತದ್ದು. ಸೊಸೈಟಿಯ ಫ್ಲಾಟು ಕೊಂಡವರಿಗೆ ಬೇಗ ಅರ್ಥವಾಗುತ್ತದೆ: ಮೊದಲು ಶೇರ್ ಸರ್ಟಿಫಿಕೇಟು ನಿಮ್ಮ ಹೆಸರಿಗೆ ಆಗಬೇಕು, ಆಮೇಲೆ ಗೇಟಿನ ಪಟ್ಟಿಗೆ ಹೆಸರು ಸೇರಿಸಬೇಕು. ಇಲ್ಲೂ ಹಾಗೇ. ಅಡ್ಮಿನಿಸ್ಟ್ರೇಟರ್ ಖಾತೆಯಿಂದ ಹೋಗಿ, ಫೋಲ್ಡರಿನ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಸೆಕ್ಯುರಿಟಿ, ಅಡ್ವಾನ್ಸ್‌ಡ್. ಅಲ್ಲಿ ಓನರ್ ಪಕ್ಕದ 'ಚೇಂಜ್' ಒತ್ತಿ ನಿಮ್ಮ ಖಾತೆ ಕೊಡಿ. ಒಳಗಿನ ಫೋಲ್ಡರುಗಳಿಗೂ ಅನ್ವಯಿಸಲಿ ಎಂಬ ಚೌಕಕ್ಕೆ ಟಿಕ್ ಹಾಕಿ. ಒಮ್ಮೆ ಎಲ್ಲ ಮುಚ್ಚಿ, ಮತ್ತೆ ಅಲ್ಲೇ ಹೋಗಿ 'ಆ್ಯಡ್' ಒತ್ತಿ ನಿಮಗೆ 'ಫುಲ್ ಕಂಟ್ರೋಲ್' ಕೊಟ್ಟುಕೊಳ್ಳಿ. ಮಾಲೀಕನಾದ ಮಾತ್ರಕ್ಕೆ ಬಾಗಿಲು ತೆರೆಯುವುದಿಲ್ಲ, ಪಟ್ಟಿ ತಿದ್ದುವ ಹಕ್ಕು ಸಿಗುತ್ತದೆ ಅಷ್ಟೇ. ಈ ಎರಡನೇ ಹಂತ ಬಿಟ್ಟು 'ಆಗಲಿಲ್ಲ' ಅಂತ ಕೈಚೆಲ್ಲುವವರೇ ಹೆಚ್ಚು.

ಆದರೆ ಇದನ್ನು ಸಿ ಡ್ರೈವಿನಲ್ಲಿರುವ ವಿಂಡೋಸ್ ಫೋಲ್ಡರಿನ ಮೇಲೆ ಪ್ರಯೋಗಿಸಬೇಡಿ! ನಿಮಗೆ ಬೇಕಾದ ಒಂದು ಫೋಲ್ಡರಿಗೆ ಮಾತ್ರ ಮಾಡಿ. ಹಾಗೇ, ಈಗಿನ ವಿಂಡೋಸಿನ ಸಿ ಡ್ರೈವಿನಲ್ಲಿ ಅಡಗಿರುವ 'ಡಾಕ್ಯುಮೆಂಟ್ಸ್ ಆ್ಯಂಡ್ ಸೆಟ್ಟಿಂಗ್ಸ್' ಒಳಗೆ ಬಿಡದಿದ್ದರೆ ತಲೆಕೆಡಿಸಿಕೊಳ್ಳಬೇಡಿ. ವಿಸ್ಟಾ ಬಂದ ಮೇಲೆ ಅದು ಫೋಲ್ಡರೇ ಅಲ್ಲ, ಬರೀ ಕೈಕಂಬ.

ಫೋಲ್ಡರು ತೆರೆಯಿತು. ಫೈಲು ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ! ಇದು ಅನುಮತಿಯ ತಂಟೆಯಲ್ಲ, ನುಡಿ ಫಾಂಟು ನನ್ನಲ್ಲಿ ಇರಲಿಲ್ಲ ಅಷ್ಟೇ. ಅದನ್ನು ಹಾಕಿದ್ದೇ ಅಕ್ಷರಗಳು ಎದ್ದು ಕೂತವು. ನಂತರ ಯುನಿಕೋಡಿಗೆ ಬದಲಿಸಿದೆ, ಇನ್ನು ಮೊಮ್ಮಗಳ ಮೊಬೈಲಿನಲ್ಲೂ ಓದಬಹುದು. ಒಂದು ಪ್ರತಿ ಪೆನ್‌ಡ್ರೈವಿನಲ್ಲಿದೆ. ಸಾಮಾನ್ಯ ಪೆನ್‌ಡ್ರೈವಿನ ಫ್ಯಾಟ್32 ವ್ಯವಸ್ಥೆಗೆ ಈ ಮಾಲೀಕರ ಪಟ್ಟಿಯ ರಗಳೆಯೇ ಇಲ್ಲ.

ಮಾವನಿಗೆ ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆದುಕೊಟ್ಟೆ. ಭೂತಗನ್ನಡಿ ಹಿಡಿದು ಮೂರು ದಿನ ಓದಿದರು. ಕೋಣೆಯವರ ಪಟ್ಟಿಯಲ್ಲಿ ಒಂದು ಹೆಸರು ಬಿಟ್ಟುಹೋಗಿದೆಯಂತೆ, ಪೆನ್ಸಿಲಿನಲ್ಲಿ ಸೇರಿಸಿದ್ದಾರೆ.