ಆಟೋ ಒತ್ತಿದರೆ ಎಲ್ಲವೂ ಹಸಿರು

ಮಿನಿ ಪ್ರಾಜೆಕ್ಟ್‌ಗೆ ನಾವು ನಾಲ್ಕು ಜನ ಬಯೋಟೆಕ್‌ನವರು ಯೀಸ್ಟ್ ಆರಿಸಿಕೊಂಡ್ವಿ. ಒಂದು ಟ್ಯೂಬಿಗೆ ಹೈಡ್ರೋಜನ್ ಪೆರಾಕ್ಸೈಡ್, ಇನ್ನೊಂದಕ್ಕೆ ಏನೂ ಇಲ್ಲ, ಅದು ಕಂಟ್ರೋಲ್. ಜೀವಕೋಶಕ್ಕೆ (ಇಂಗ್ಲಿಷ್ ಮೀಡಿಯಂ ನಮಗೆ ಅದು ಇನ್ನೂ ಸೆಲ್ಲೇ) ಪೆರಾಕ್ಸೈಡ್‌ನ ಪೆಟ್ಟು ಬಿದ್ದರೆ ಹೆಚ್ಚು ಹಸಿರಾಗಿ ಹೊಳೆಯುವ ಡೈ ಎರಡಕ್ಕೂ ಹಾಕಿದ್ವಿ. ಫ್ಲೋರೆಸೆನ್ಸ್ ಮೈಕ್ರೋಸ್ಕೋಪ್‌ನಲ್ಲಿ, ಒಂದೇ ಎಕ್ಸ್‌ಪೋಶರ್‌ನಲ್ಲಿ ಫೋಟೊ ತೆಗೆದು ಇಮೇಜ್‌ಜೆ ಸಾಫ್ಟ್‌ವೇರ್‌ನಲ್ಲಿ ತೆರೆದರೆ ಎರಡೂ ಒಂದೇ ಥರ ಫಳಫಳ!

ಕಾರಣ ಇಷ್ಟು. ನಮ್ಮ ಕ್ಯಾಮೆರಾ 12 ಬಿಟ್. ಅಂದರೆ ಒಂದು ಪಿಕ್ಸೆಲ್‌ನ ಬೆಲೆ 0ಯಿಂದ 4095ರವರೆಗೆ ಎಷ್ಟಾದರೂ ಇರಬಹುದು. ಸ್ಕ್ರೀನ್ ತೋರಿಸೋದು 256 ಹಂತ. ಹಾಗಾಗಿ ಸಾಫ್ಟ್‌ವೇರ್ ಪ್ರತಿ ಚಿತ್ರದಲ್ಲೂ ಅದರದೇ ಅತಿ ಕಡಿಮೆ ಬೆಲೆಯನ್ನು ಕಪ್ಪು, ಅತಿ ಹೆಚ್ಚನ್ನು ಪೂರ್ತಿ ಬೆಳಕು ಅಂತ ಹಿಡಿದುಬಿಡುತ್ತೆ. ಒಂದರ ಗರಿಷ್ಠ 600, ಇನ್ನೊಂದರದು 900 ಇದ್ದರೂ ಕಣ್ಣಿಗೆ ಸಮ. ಆಟೋ ಬಟನ್ ಒತ್ತಿದರೂ ಅಷ್ಟೇ, ಒಂದೊಂದು ಚಿತ್ರಕ್ಕೆ ಒಂದೊಂದು ಲೆಕ್ಕ. ಪ್ರತಿ ಸೆಕ್ಷನ್‌ನ ಟಾಪರ್‌ಗೂ 50ಕ್ಕೆ 50 ಕೊಟ್ಟು, ಉಳಿದವರನ್ನು ಅದಕ್ಕೆ ತಕ್ಕ ಹಾಗೆ ಸ್ಕೇಲ್ ಮಾಡಿ, ಎ ಸೆಕ್ಷನ್ನೂ ಬಿ ಸೆಕ್ಷನ್ನೂ ಸಮ ಅಂದ ಹಾಗೆ!

ಬ್ರೈಟ್‌ನೆಸ್-ಕಾಂಟ್ರಾಸ್ಟ್ ವಿಂಡೋದಲ್ಲಿ ಸೆಟ್ ಒತ್ತಿ, ಎರಡಕ್ಕೂ ಒಂದೇ ಕನಿಷ್ಠ, ಒಂದೇ ಗರಿಷ್ಠ ಕೊಟ್ಟರೆ ಸಾಕು. ನಾವು 100, 1000 ಕೊಟ್ವಿ. ಪಕ್ಕದ ಅಪ್ಲೈ ಮುಟ್ಟಲಿಲ್ಲ, ಅದು ಪಿಕ್ಸೆಲ್ ಬೆಲೆಯನ್ನೇ ಬದಲಿಸುತ್ತೆ.

ಈಗ ವ್ಯತ್ಯಾಸ ಕಾಣಿಸ್ತು. ಆದರೆ ಸಣ್ಣದು. ಪೋಸ್ಟರ್‌ಗೆ ಮಾರ್ಕ್ಸ್ ಬೇರೆ ಇದೆ. "ಕಂಟ್ರೋಲ್ ಒಂದನ್ನೇ ಸ್ವಲ್ಪ ಡಲ್ ಮಾಡೋಣ ಕಣ್ರೋ, ಯಾರು ನೋಡ್ತಾರೆ?" ಅಂದಳು ನಮ್ಮಲ್ಲೊಬ್ಬಳು. ಕ್ಯಾಂಟೀನ್‌ನಲ್ಲಿ ಎರಡು ಟೀ ಆಗುವಷ್ಟು ಹೊತ್ತು ಜಗಳ. ಅವಳ ಸಂಕಟವೂ ಸುಳ್ಳಲ್ಲ, ಪಕ್ಕದ ಟೀಮಿನ ಪೋಸ್ಟರ್ ದೀಪಾವಳಿ ಥರ ಹೊಳೀತಿತ್ತು. ಬ್ರೈಟ್‌ನೆಸ್ ತಿದ್ದೋದೇ ತಪ್ಪು ಅಂತಲೂ ಅಲ್ಲ. ಇಡೀ ಚಿತ್ರಕ್ಕೆ ಸಮನಾಗಿ, ಏನನ್ನೂ ಮುಚ್ಚಿಡದೆ ತಿದ್ದಿದರೆ ಜರ್ನಲ್‌ಗಳೂ ಒಪ್ಪುತ್ತವೆ. ಆದರೆ ಕಂಟ್ರೋಲ್ ಇರೋದೇ ಹೋಲಿಸೋಕೆ. ಅದಕ್ಕೊಂದು ಅಳತೆ, ಇದಕ್ಕೊಂದು ಅಳತೆ ಅಂದರೆ ಮೂರು ವಾರ ಲ್ಯಾಬ್‌ನಲ್ಲಿ ನಿಂತಿದ್ದಾದರೂ ಯಾಕೆ?

ಕೊನೆಗೆ ಮಂಕು ಚಿತ್ರಗಳೇ ಪ್ರಿಂಟ್ ಆದವು. ಪಕ್ಕದಲ್ಲಿ ಪಿಕ್ಸೆಲ್ ಸರಾಸರಿಯ ಗ್ರಾಫ್, ಕೆಳಗೆ 'ಎರಡಕ್ಕೂ 100ರಿಂದ 1000' ಅನ್ನೋ ಸಾಲು. ವೈವಾಗೆ ಬಂದ ಮೇಡಂ ಆ ಸಾಲಿನ ಮೇಲೇ ಬೆರಳಿಟ್ಟು, "ಎಕ್ಸ್‌ಪೋಶರ್?" ಅಂದರು.

"ಒಂದೇ, ಮೇಡಂ." ಮೊದಲು ಹೇಳಿದ್ದು ಅವಳೇ.