ಎಡಕುಮೇರಿಯಲ್ಲಿ ನಿಂತ ನತಾಲ್

ಹಾಸನ ಜಿಲ್ಲೆಯ ಸಕಲೇಶಪುರದಿಂದ ದಕ್ಷಿಣ ಕನ್ನಡದ ಸುಬ್ರಹ್ಮಣ್ಯ ರೋಡ್ ನಿಲ್ದಾಣದವರೆಗಿನ ಸುಮಾರು 55 ಕಿಲೋಮೀಟರ್ ರೈಲುಮಾರ್ಗವು 57 ಸುರಂಗಗಳನ್ನೂ ನೂರಕ್ಕೂ ಹೆಚ್ಚು ಸೇತುವೆಗಳನ್ನೂ ದಾಟಿ ಪಶ್ಚಿಮ ಘಟ್ಟವನ್ನು ಇಳಿಯುತ್ತದೆ. ಹಳಿಗಳ ನಡುವೆ ಒಂದು ಮೀಟರ್ ಅಂತರವಿರುವ ಮೀಟರ್ ಗೇಜ್ ಮಾರ್ಗವಾಗಿ 1979ರಲ್ಲಿ ಪೂರ್ಣಗೊಂಡ ಇದು, ಅಗಲ ಹಳಿಯ ಬ್ರಾಡ್ ಗೇಜ್‌ಗೆ ಬದಲಾಗಿ 2007ರ ಡಿಸೆಂಬರ್‌ನಲ್ಲಿ ಪ್ರಯಾಣಿಕರಿಗೆ ಮತ್ತೆ ತೆರೆಯಿತು. ಇಲ್ಲಿನ ಇಳಿಜಾರು 50ಕ್ಕೆ 1, ಎಂದರೆ ಐವತ್ತು ಅಡಿ ಸಾಗುವಷ್ಟರಲ್ಲಿ ಹಳಿ ಒಂದು ಅಡಿ ಕೆಳಗಿಳಿದಿರುತ್ತದೆ. ಆದ್ದರಿಂದ ಗಾಡಿ ಇಲ್ಲಿ ನಿಧಾನವಾಗಿಯೇ ಸಾಗಬೇಕು, ಮುಂದೆ ಎಲ್ಲಾದರೂ ಮಣ್ಣು ಕುಸಿದರೆ ಅದನ್ನು ತೆರವುಗೊಳಿಸುವವರೆಗೆ ನಿಂತಲ್ಲೇ ನಿಲ್ಲಬೇಕು.

ಡಿಸೆಂಬರ್ ಕೊನೆಯ ವಾರದಲ್ಲಿ ಈ ಮಾರ್ಗದ ಹಗಲು ರೈಲು, ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮಂಗಳೂರು ಸೀಮೆಯ ಕೊಂಕಣಿ ಕ್ಯಾಥೊಲಿಕ್ ಕುಟುಂಬಗಳನ್ನು ನತಾಲ್ ಹಬ್ಬಕ್ಕೆ ಊರಿಗೆ ಕರೆದೊಯ್ಯುತ್ತದೆ. ನತಾಲ್ ಎಂಬುದು ಕ್ರಿಸ್‌ಮಸ್‌ಗೆ ಕೊಂಕಣಿಯಲ್ಲಿರುವ ಹೆಸರು. ಜನನವನ್ನು ಸೂಚಿಸುವ ಪೋರ್ಚುಗೀಸ್ ಪದದಿಂದ ಅದು ಬಂದಿದೆ. ಒಂದು ವರ್ಷ ಡಿಸೆಂಬರ್ 24ರಂದು ಈ ಲೇಖಕನೂ ಮಂಗಳೂರಿನ ಗೆಳೆಯನ ಮನೆಯ ಅತಿಥಿಯಾಗಿ ಅದೇ ಗಾಡಿಯಲ್ಲಿ ಹೊರಟಿದ್ದನು. ಇಟಲಿಯ ಜೆಸ್ವಿಟ್ ಚಿತ್ರಕಾರ ಆಂಟೊನಿಯೊ ಮೊಸ್ಕೆನಿ 1899ರಿಂದ 1901ರವರೆಗೆ ಗೋಡೆ, ಛಾವಣಿಗಳನ್ನೆಲ್ಲ ಚಿತ್ರಗಳಿಂದ ತುಂಬಿದ ಸಂತ ಅಲೋಶಿಯಸ್ ಪ್ರಾರ್ಥನಾಲಯವನ್ನು ಸಂಜೆ ನೋಡುವುದು, ಅನಂತರ ಗೆಳೆಯನ ಮನೆಯವರೊಂದಿಗೆ ಹಬ್ಬದ ರಾತ್ರಿಯ ಬಲಿಪೂಜೆಗೆ, ಅಂದರೆ ರೊಟ್ಟಿ ಮತ್ತು ದ್ರಾಕ್ಷಾರಸವನ್ನು ಅರ್ಪಿಸಿ ನಡೆಸುವ ಆರಾಧನೆಗೆ, ಹೋಗುವುದು ಎಂದು ನಿಶ್ಚಯವಾಗಿತ್ತು.

ಗಾಡಿ ಮಧ್ಯಾಹ್ನ ಎಡಕುಮೇರಿಯಲ್ಲಿ ನಿಂತಿತು. ಅಕಾಲದಲ್ಲಿ ಸುರಿದ ಮಳೆಗೆ ಸಡಿಲಗೊಂಡಿದ್ದ ಮಣ್ಣು ಮುಂದಿನ ಹಳಿಯ ಮೇಲೆ ಜಾರಿತ್ತೆಂಬ ಸುದ್ದಿ ಬೋಗಿಯಿಂದ ಬೋಗಿಗೆ ಹಬ್ಬಿತು. ಎಡಕುಮೇರಿ ಕಾಡಿನ ನಡುವಿನ ನಿಲ್ದಾಣ. ಇಳಿದು ಬಸ್ಸು ಹಿಡಿಯೋಣವೆಂದರೆ ಹತ್ತಿರದಲ್ಲಿ ಪೇಟೆಯಿಲ್ಲ, ಒಂದು ಲೋಟ ಚಹಾಕ್ಕೂ ಅಂಗಡಿಯಿಲ್ಲ. ಮೊದಲ ಎರಡು ಗಂಟೆ ಬೋಗಿಯಲ್ಲಿ ಬೇಸರವೇ ತುಂಬಿತ್ತು. ಸಿಗ್ನಲ್ ಸಿಗುವ ಜಾಗವನ್ನು ಹುಡುಕುತ್ತ ಬಾಗಿಲ ಬಳಿ ನಿಂತ ಹಲವರು ಮನೆಯವರಿಗೆ ಇನ್ನು ಕಾಯಬೇಡಿರೆಂದು ಹೇಳುತ್ತಿದ್ದರು. ಹೊಸ ಫ್ರಾಕ್ ತೊಟ್ಟಿದ್ದ ಏಳೆಂಟು ವರ್ಷದ ಹುಡುಗಿಯೊಬ್ಬಳು ಚರ್ಚಿನ ಹಾಡುಗಾರರ ತಂಡದಲ್ಲಿ ತನ್ನ ಜಾಗ ತಪ್ಪಿಹೋಯಿತೆಂದು ಅಳುತ್ತಿದ್ದಳು.

ಆ ಬೇಸರ ಸರಿದದ್ದು ಒಂದು ಡಬ್ಬಿಯ ಮುಚ್ಚಳ ತೆರೆದಾಗ. ಕಿಟಕಿಯ ಪಕ್ಕದಲ್ಲಿ ಕುಳಿತಿದ್ದ ಸುಮಾರು ಎಪ್ಪತ್ತರ ಪ್ರಾಯದ ಮಹಿಳೆ, ಮಗಳ ಮನೆಯಲ್ಲಿ ಕುಳಿತು ಮಾಡಿದ ಕುಸ್ವಾರನ್ನು ಊರಿಗೆ ಒಯ್ಯುತ್ತಿದ್ದರು. ಕುಸ್ವಾರ್ ಒಂದೇ ತಿಂಡಿಯ ಹೆಸರಲ್ಲ, ನತಾಲ್‌ಗೆಂದು ಮನೆಮನೆಯಲ್ಲಿ ಸಿದ್ಧಗೊಳ್ಳುವ ಹಲವು ತಿಂಡಿಗಳ ಒಟ್ಟು ಹೆಸರು. ಕರಜಿಕಾಯಿಯನ್ನು ಹೋಲುವ ನೆವ್ರಿ, ಹೂವಿನಾಕಾರದ ಅಚ್ಚನ್ನು ಹಿಟ್ಟಿನಲ್ಲಿ ಅದ್ದಿ ಎಣ್ಣೆಯಲ್ಲಿ ಬಿಡಿಸುವ ಕೊಕ್ಕಿಸಾಂ, ಅಕ್ಕಿಹಿಟ್ಟಿನ ಪುಟ್ಟ ಉಂಡೆಗಳಾದ ಗುಳಿಯೊ, ಇವುಗಳ ಜೊತೆಗೆ ಕಿಡಿಯೊ. ಕೊಂಕಣಿಯಲ್ಲಿ ಕಿಡಿಯೊ ಎಂದರೆ ಹುಳುಗಳು. ನೆಲ್ಲಿಕಾಯಿಗಿಂತ ಚಿಕ್ಕದಾದ ಹಿಟ್ಟಿನ ಉಂಡೆಯನ್ನು ಫೋರ್ಕಿನ ಬೆನ್ನಿಗೋ ಹೊಸ ಬಾಚಣಿಗೆಗೋ ಒತ್ತಿ, ಒಂದು ಅಂಚಿನಿಂದ ಸುರುಳಿ ಸುತ್ತಿ, ಎಣ್ಣೆಯಲ್ಲಿ ಕರಿದು ಸಕ್ಕರೆ ಪಾಕದಲ್ಲಿ ಹೊರಳಿಸಿದಾಗ ಮೈಮೇಲೆ ಗೆರೆಗಳೆದ್ದ ಆ ರೂಪ ಬರುತ್ತದೆ. ಹೀಗೆ ನೂರಾರು ಉಂಡೆಗಳನ್ನು ಒಬ್ಬರೇ ಸುತ್ತಲಾಗದು. ಮನೆಮಂದಿಯೆಲ್ಲ ಸುತ್ತ ಕುಳಿತರೆ ಮಾತ್ರ ಮುಗಿಯುವ ಕೆಲಸವಿದು. ಮುಗಿದ ಮೇಲೆ ತಟ್ಟೆಯಲ್ಲಿ ಜೋಡಿಸಿ, ಮೇಲೊಂದು ಬಟ್ಟೆ ಹೊದಿಸಿ, ಜಾತಿ ಮತವೆಣಿಸದೆ ನೆರೆಮನೆಗಳಿಗೆ ಕಳುಹಿಸುವುದು ವಾಡಿಕೆ.

ಆ ಹಿರಿಯರು ಮಾಡಿದ್ದು ಈ ವಾಡಿಕೆಯನ್ನೇ. ಅಳುತ್ತಿದ್ದ ಹುಡುಗಿಯ ಅಂಗೈಗೆ ಮೊದಲು ನಾಲ್ಕು ಕಿಡಿಯೊ ಬಿದ್ದವು, ಬಳಿಕ ಡಬ್ಬಿ ಸಾಲಿನಿಂದ ಸಾಲಿಗೆ ಸಾಗಿತು. ಪುತ್ತೂರಿನಲ್ಲಿ ಇಳಿಯಬೇಕಿದ್ದ, ಕಪ್ಪು ಬಟ್ಟೆ ತೊಟ್ಟು ಮಾಲೆ ಧರಿಸಿದ್ದ ಅಯ್ಯಪ್ಪ ವ್ರತಧಾರಿಯೊಬ್ಬರ ಮುಂದೆ ಅದು ಕ್ಷಣಕಾಲ ನಿಂತಿತು. ವ್ರತದ ದಿನಗಳಲ್ಲಿ ಆಹಾರದ ನಿಯಮ ಕಟ್ಟುನಿಟ್ಟಾದುದು. "ಸ್ವಾಮಿ, ಇದು ನಿಮಗಲ್ಲ, ಮನೆಯ ಮಕ್ಕಳಿಗೆ" ಎಂದು ಹೇಳಿ ಆಕೆ ನೆವ್ರಿಗಳನ್ನು ಕಾಗದದಲ್ಲಿ ಕಟ್ಟಿ ಕೊಟ್ಟರು. ಅವರು ಎರಡೂ ಕೈ ಚಾಚಿ ಅದನ್ನು ಸ್ವೀಕರಿಸಿ, ತಮ್ಮ ಚೀಲದಲ್ಲಿದ್ದ ಬಾಳೆಹಣ್ಣಿನ ಚಿಪ್ಪನ್ನು ಹೊರತೆಗೆದು, "ಬಾಯಿ, ಇದನ್ನು ಎಲ್ಲರಿಗೂ ಹಂಚಿ" ಎಂದರು. ಬಾಯಿ ಎಂಬುದು ಕರಾವಳಿಯಲ್ಲಿ ಕ್ರೈಸ್ತ ಹಿರಿಯ ಮಹಿಳೆಯರನ್ನು ಗೌರವದಿಂದ ಕರೆಯುವ ಮಾತು. ಒಬ್ಬರ ಹಬ್ಬವೂ ಇನ್ನೊಬ್ಬರ ವ್ರತವೂ ಕೆಡದೆ ಕೊಡುಕೊಳುವಿಕೆ ನಡೆದ ಆ ಗಳಿಗೆಯಿಂದ ಬೋಗಿಯಲ್ಲಿ ಮಾತುಕತೆಯ ಧಾಟಿ ಬದಲಾಯಿತು. ಕತ್ತಲಾಗುವ ಹೊತ್ತಿಗೆ ಹುಡುಗಿ ಕೇಕಿನ ರಟ್ಟಿನ ಪೆಟ್ಟಿಗೆಯನ್ನು ನಕ್ಷತ್ರದ ಆಕಾರಕ್ಕೆ ಕತ್ತರಿಸಿ ಕಿಟಕಿಯ ಸರಳಿಗೆ ಕಟ್ಟಿದ್ದಳು, ಅದರ ಹಿಂದೆ ಯಾರದೋ ಮೊಬೈಲಿನ ಬೆಳಕಿತ್ತು. ಚರ್ಚಿನಲ್ಲಿ ಹಾಡಬೇಕಿದ್ದ ಹಾಡನ್ನು ಆಕೆ ಅಲ್ಲಿಯೇ ಹಾಡಿದಳು, ಕೆಳಗಿನ ಕಣಿವೆಯಿಂದ ಹೊಳೆಯ ಸದ್ದು ಕೇಳಿಬರುತ್ತಿತ್ತು.

ಹಳಿ ತೆರವಾಗಿ ಗಾಡಿ ಮಂಗಳೂರು ತಲುಪಿದಾಗ ರಾತ್ರಿ ಹನ್ನೊಂದು ಮೀರಿತ್ತು. ಪ್ರಾರ್ಥನಾಲಯದ ಬಾಗಿಲು ಎಂದೋ ಮುಚ್ಚಿತ್ತು, ಗೆಳೆಯನ ಊರಿನ ಚರ್ಚಿನಲ್ಲಿ ಬಲಿಪೂಜೆಯೂ ಮುಗಿದಿತ್ತು. ಆದರೆ ಆ ಮನೆಯ ಅಂಗಳದಲ್ಲಿ ಗೋದಲಿಯ ದೀಪ ಇನ್ನೂ ಉರಿಯುತ್ತಿತ್ತು. ಗೋದಲಿ ಎಂದರೆ ದನಗಳಿಗೆ ಮೇವು ಹಾಕುವ ತೊಟ್ಟಿ. ಹೆರಿಗೆಯ ಹೊತ್ತಿಗೆ ಛತ್ರದಲ್ಲಿ ಜಾಗ ಸಿಗದ ಪ್ರಯಾಣಿಕರ ಕೂಸನ್ನು ಅಂಥದೊಂದು ತೊಟ್ಟಿಯಲ್ಲಿ ಮಲಗಿಸಿದರೆಂಬ ಬೈಬಲ್ ಕಥೆಯಿಂದಾಗಿ ಕ್ರಿಸ್ತ ಜನನದ ಇಡೀ ದೃಶ್ಯಕ್ಕೇ ಕನ್ನಡದಲ್ಲಿ ಆ ಹೆಸರು ನಿಂತಿದೆ. ವಾರಗಳ ಹಿಂದೆಯೇ ಮಕ್ಕಳು ಬಿತ್ತಿದ್ದ ಭತ್ತದ ಮೊಳಕೆ ಅದರ ಸುತ್ತ ಗೇಣುದ್ದ ಹಸಿರಾಗಿ ನಿಂತಿತ್ತು. ನಡುವಿನ ತೊಟ್ಟಿ ಮಾತ್ರ ಖಾಲಿಯಿತ್ತು. ಹಬ್ಬದ ರಾತ್ರಿಯ ಪೂಜೆಯಾದ ಮೇಲೆಯೇ ಬಾಲಯೇಸುವಿನ ಮೂರ್ತಿಯನ್ನು ಅಲ್ಲಿರಿಸುವುದು ಮನೆಯ ಪದ್ಧತಿ, ಅತಿಥಿ ಬರಲಿ ಎಂದು ಮಕ್ಕಳು ಅದನ್ನು ಇನ್ನೂ ಇರಿಸಿರಲಿಲ್ಲ.

ಪ್ರಯಾಣದ ಲೆಕ್ಕ ಗಂಟೆಗಳಲ್ಲಿತ್ತು, ಆದ್ದರಿಂದ ಮಣ್ಣು ಜಾರಿದೊಡನೆ ಅದು ತಪ್ಪಿತು. ಹಬ್ಬವನ್ನು ಹಿಡಿದಿಟ್ಟದ್ದು ಪರರಿಗಾಗಿ ಕರಿದ ತಿಂಡಿ, ತಡವಾದವರಿಗಾಗಿ ಉಳಿಸಿದ ಒಂದು ಕೆಲಸ. ಇವಕ್ಕೆ ಬೇಕಾದುದು ಎದುರಿಗೊಬ್ಬ ಮನುಷ್ಯ ಮಾತ್ರ. ಮನೆಯ ಕಿರಿಯ ಹುಡುಗ ಹತ್ತಿಯಲ್ಲಿ ಸುತ್ತಿ ಬೆಂಕಿಪೊಟ್ಟಣದಲ್ಲಿ ಇಟ್ಟಿದ್ದ ಮಣ್ಣಿನ ಪುಟ್ಟ ಮೂರ್ತಿಯನ್ನು ತಂದು ಈ ಲೇಖಕನ ಕೈಗೆ ಕೊಟ್ಟು, ತೊಟ್ಟಿಯೊಳಗಿನ ಹುಲ್ಲನ್ನು ಬೆರಳಿನಿಂದ ಸರಿಪಡಿಸಿ, ಪಕ್ಕಕ್ಕೆ ಸರಿದು ನಿಂತನು.